ಓನರಮ್ಮನ ಅಂತರಗಂಗೆ

ನೀರು ಬೆಚ್ಚಗಿದೆಯೋ ಇಲ್ಲವೋ ಎಂದು ನೋಡಲು ಅವರು ಬೆರಳು ಅದ್ದುತ್ತಿರಲಿಲ್ಲ, ಮೊಣಕೈ ಅದ್ದುತ್ತಿದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬೇಸಿನ್ ಮುಂದೆ ಕುಕ್ಕರಗಾಲಲ್ಲಿ ಕೂತು, ಹಚ್ಚೆ ಹಾಕಿಸಿದ್ದ ಎಡಗೈಯನ್ನು ಮಡಚಿ, ಮೊಣಕೈಯ ತುದಿಯನ್ನು ನೀರಿಗೆ ಮುಟ್ಟಿಸಿ ಕಣ್ಣು ಮುಚ್ಚಿಕೊಂಡು ಒಂದು ಗಳಿಗೆ ಹಾಗೇ ಇರುತ್ತಿದ್ದರು. ಹಸುಗೂಸಿಗೆ ನೀರೆರೆಯುವ ಮುದುಕಿಯರು ಹೀಗೆ ನೋಡುತ್ತಾರೆ. ಆ ಮನೆಯಲ್ಲಿ ಕೂಸೇನೂ ಇರಲಿಲ್ಲ. ಬೇಸಿನ್ನಿನಲ್ಲಿ ತೇಲುತ್ತಿದ್ದದ್ದು ಅಂತರಗಂಗೆ ಗಿಡ, ಪುಟ್ಟ ಎಲೆಕೋಸು ನೀರಿನ ಮೇಲೆ ಅರಳಿ ಕೂತಹಾಗೆ ಕಾಣುವಂಥದ್ದು.

ಅವರು ನನ್ನ ಮನೆ ಓನರು. ಜೆ.ಪಿ. ನಗರದೊಳಗೆ ಹುದುಗಿಹೋಗಿರುವ ಹಳೇ ಊರಿನ ಬೀದಿಯಲ್ಲಿ ಅವರದು ಮೂರಂತಸ್ತಿನ ಮನೆ. ಕೆಳಗೆ ಅವರು, ಮಗ, ಸೊಸೆ. ನಡುವೆ ಒಂದು ಬಾಡಿಗೆ ಸಂಸಾರ. ಮೇಲೆ ಒಂದು ರೂಮು, ಒಂದು ಅಡುಗೆಮನೆ, ಅಲ್ಲಿ ನಾನು. ಗಂಡನನ್ನು ಬಿಟ್ಟು ಬಂದ ವರ್ಷ ಬಿಟಿಎಂನಿಂದ ಬನಶಂಕರಿವರೆಗೆ ಮನೆ ಹುಡುಕಿ ಹುಡುಕಿ ಚಪ್ಪಲಿ ಸವೆದಿತ್ತು. ಹೋದಲ್ಲೆಲ್ಲ "ಯಜಮಾನ್ರು ಎಲ್ಲಿದಾರೆ?" ಅನ್ನುವ ಪ್ರಶ್ನೆ. ನನ್ನ ಬಾಯಿಯೂ ಸ್ವಲ್ಪ ಜೋರು. ಒಬ್ಬರಿಗೆ "ಅವ್ರನ್ನ ಕೇಳ್ಕೊಂಡು ಬರ್ತೀನಿ ಇರಿ" ಎಂದು ಹೇಳಿ ಗೇಟು ಬಡಿದು ಬಂದಿದ್ದೆ. ಇವರು ಕೇಳಿದ್ದು ಬೇರೆ.

"ನೀರು ಪೋಲು ಮಾಡ್ತೀಯಾ?"

"ಇಲ್ಲಮ್ಮ."

"ಹಂಗಾದ್ರೆ ಸಾಮಾನು ತಂದ್ಕೊ."

ಅಷ್ಟೇ. ಆಮೇಲೆ ಹನ್ನೊಂದು ವರ್ಷ ಆ ಮನೆಯಲ್ಲಿ ಯಾರೂ ನನ್ನನ್ನು ಗಂಡನ ಬಗ್ಗೆ ಕೇಳಲಿಲ್ಲ. ಬೀದಿಯ ಬೇರೆ ಹೆಂಗಸರು ಕೇಳಲು ಹೊರಟರೆ "ನಿಮ್ಮ ಮನೆ ಸಾರು ಹತ್ತೋಯ್ತು ನೋಡ್ರೇ, ಹೋಗಿ" ಎಂದು ಅವರೇ ಅಟ್ಟಿಬಿಡುತ್ತಿದ್ದರು. ನಾನು ಅವರನ್ನು ಎದುರಿಗೆ ಅಮ್ಮ ಅನ್ನುತ್ತಿದ್ದೆ, ಬೆನ್ನ ಹಿಂದೆ ಓನರಮ್ಮ. ಅವರಿಗೆ ನಾನು ಯಾವತ್ತೂ "ಮೇಲ್ಮನೆಯವಳು".

ಬೇಸಿಗೆಯಲ್ಲಿ ಅಂತರಗಂಗೆ ತಾರಸಿ ಮೇಲಿನ ದೊಡ್ಡ ಸಿಮೆಂಟ್ ತೊಟ್ಟಿಯಲ್ಲಿ ಇರುತ್ತಿತ್ತು. ಆಗ ಅದಕ್ಕೆ ಯಾರ ಹಂಗೂ ಬೇಡ. ಒಂದು ಗಿಡದ ಪಕ್ಕ ಬಳ್ಳಿ ಚಾಚಿ ಇನ್ನೊಂದು ಮರಿ, ಅದರ ಪಕ್ಕ ಮತ್ತೊಂದು, ಹದಿನೈದು ದಿನದಲ್ಲಿ ನೀರೇ ಕಾಣದ ಹಾಗೆ ಮುಚ್ಚಿಬಿಡುತ್ತಿತ್ತು. ಬಂದವರಿಗೆಲ್ಲ ಅವರು ಕವರಿನಲ್ಲಿ ನಾಲ್ಕು ನಾಲ್ಕು ಹಾಕಿ ಕೊಡುತ್ತಿದ್ದರು. ಕೊಡುವಾಗ ಒಂದೇ ಮಾತು: "ದೀಪಾವಳಿ ಆದ್ಮೇಲೆ ಒಳಗಿಡ್ರಮ್ಮಾ, ಚಳಿ ತಡೆಯಲ್ಲ." ಅವರೆಲ್ಲ ಹೂಂ ಅನ್ನುತ್ತಿದ್ದರು.

ನನಗೆ ಮೊದಮೊದಲು ನಗು. "ಅಲ್ಲಮ್ಮಾ, ಕೆರೆ ತುಂಬ ಬೆಳೆಯೋ ಕಳೆ ಇದು. ಕೆರೇಲಿ ಇದಕ್ಕೆ ಯಾರು ಸ್ವೆಟರ್ ಹಾಕ್ತಾರೆ?" ಎಂದು ಕಾಡಿಸುತ್ತಿದ್ದೆ.

"ಕೆರೆ ಹೊಟ್ಟೆ ದೊಡ್ಡದು ಕಣೇ. ಹಗಲು ಕುಡಿದ ಬಿಸಿಲ್ನ ಬೆಳಗಿನವರೆಗೂ ಇಟ್ಕೊಂಡಿರುತ್ತೆ. ಈ ತೊಟ್ಟಿಗೆ ಏನಿದೆ? ಬಡವರ ಮನೆ ಅಕ್ಕಿ ಡಬ್ಬ ಇದ್ದಂಗೆ, ಅವತ್ತಿಂದು ಅವತ್ತಿಗೆ ಖಾಲಿ" ಎನ್ನುತ್ತಿದ್ದರು.

ಕಾರ್ತಿಕ ಬಂತೆಂದರೆ ಅವರ ಮನೆಯಲ್ಲಿ ಬಾಣಂತನದ ಸಡಗರ. ನಡುಮನೆಯಲ್ಲಿ ಪೂರ್ವದ ಕಿಟಕಿಯ ಕೆಳಗೆ ಒಂದು ಮಣೆ, ಅದರ ಮೇಲೆ ಅಗಲದ ಬೇಸಿನ್ನು. ತಳಕ್ಕೆ ಒಂದು ಬೊಗಸೆ ಕೆಸರು, ಮೇಲೆ ನಾಲ್ಕೇ ಬೆರಳು ನೀರು. ಕಮ್ಮಿ ನೀರಾದರೆ ಬೇಗ ಕಾಯುತ್ತದೆ, ಬೇರಿಗೆ ಕೆಸರೂ ಸಿಗುತ್ತದೆ. ನಲ್ಲಿ ನೀರನ್ನು ಎರಡು ದಿನ ಬಕೆಟ್ಟಿನಲ್ಲಿ ಹಾಗೇ ಬಿಟ್ಟು, ಕ್ಲೋರಿನ್ ವಾಸನೆ ಹೋದಮೇಲೆ, ಚೊಂಬಿನಷ್ಟು ಬಿಸಿನೀರು ಬೆರೆಸಿ, ಮೊಣಕೈ ಅದ್ದಿ ನೋಡಿ ಹಾಕುವುದು. ಮೇಲುಗಡೆ ಒಂದು ಟ್ಯೂಬ್‌ಲೈಟು, ಬೆಳಿಗ್ಗೆಯಿಂದ ಸಂಜೆವರೆಗೆ. ಸೊಳ್ಳೆಯಾಗದಿರಲೆಂದು ಎರಡು ಗಪ್ಪಿ ಮೀನು. ಎಲೆಯ ಮೇಲೆ ಮಾತ್ರ ಹನಿ ನೀರೂ ಬೀಳಬಾರದು, ಸುಳಿ ಕೊಳೆಯುತ್ತದೆ. ತಾರಸಿಯಿಂದ ಇಳಿಸುವಾಗ ನಾನು ಚೆಂದವಾಗಿ ಅರಳಿದ ದೊಡ್ಡ ಗಿಡಗಳಿಗೆ ಕೈ ಹಾಕಿದರೆ ಕೈಮೇಲೆ ಹೊಡೆಯುತ್ತಿದ್ದರು. "ದೊಡ್ಡದಕ್ಕೆ ಕಾಲ ಮುಗೀತು. ಮರಿ ಆರಿಸ್ಕೊ. ಚಳಿ ದಾಟೋದು ಮರೀನೇ."

ಒಮ್ಮೆ ಡೆಂಗ್ಯೂ ತಪಾಸಣೆಗೆ ಬಂದ ಹೆಂಗಸೊಬ್ಬಳು ಬೇಸಿನ್ ನೋಡಿದ್ದೇ "ನಿಂತ ನೀರು ಇಡಬಾರ್ದು ಆಂಟಿ, ಚೆಲ್ಲಿ" ಎಂದು ಕೈ ಹಾಕಿದಳು. ಓನರಮ್ಮ ಅವಳ ಕೈಯನ್ನು ಹಿಡಿದುಕೊಂಡೇ ಪಕ್ಕದಲ್ಲಿ ಕೂರಿಸಿ, ಮೀನು ತೋರಿಸಿ, ಕಾಫಿ ಕುಡಿಸಿ, "ನೀರು ಚೆಲ್ಲು ಅನ್ನೋ ಮಾತು ಈ ಮನೇಲಿ ಇನ್ನೊಂದು ಸಲ ಆಡ್ಬೇಡ ತಾಯಿ" ಎಂದರು. ಮಾತು ಮೆತ್ತಗೇ ಇತ್ತು. ಆದರೆ ಅವರ ಕಣ್ಣು ತುಂಬಿದ್ದನ್ನು ಅವತ್ತು ನೋಡಿದೆ. ಕಳೆಗಿಡಕ್ಕೆ ಅಳುವಷ್ಟು ಏನಿದೆ ಎಂದು ಸೊಸೆಯನ್ನು ಕೇಳಿದೆ. ಅವಳು ಹೇಳಿದ್ದು ಇಷ್ಟು. ಮುಂಚೆ ಊರಿಗೆ ಒಂದು ಕುಂಟೆ, ಅಂದರೆ ಪುಟ್ಟ ಕೆರೆ, ಇತ್ತು. ಸಂಕ್ರಾಂತಿ ಕಳೆದ ಮಂಗಳವಾರ ಮನೆಯವರೆಲ್ಲ ತಂಬಿಟ್ಟಿನ ದೀಪ ಹೊತ್ತು ಅಲ್ಲಿಗೆ ಹೋಗಿ ಗಂಗಮ್ಮನ ಪೂಜೆ ಮಾಡುತ್ತಿದ್ದರು. ಈಗ ಆ ಜಾಗದಲ್ಲಿ ಮನೆಗಳಿವೆ. ಈ ಅಂತರಗಂಗೆ ಆ ಕುಂಟೆಯದು. ಪೂಜೆಯ ದಿನ ಹಿತ್ತಾಳೆ ಕೊಳಗದಲ್ಲಿ ನಲ್ಲಿ ನೀರು ತುಂಬಿ, ಅದರ ಮೇಲೆ ಈ ಗಿಡ ತೇಲಿಬಿಟ್ಟು, ಅದನ್ನೇ ಗಂಗಮ್ಮ ಎಂದು ಪೂಜಿಸುವುದು. "ನೀರು ಕಾವೇರಿದು, ಗಿಡ ಕುಂಟೇದು ಅಂತಾರೆ ನಮ್ಮತ್ತೆ. ಗಿಡ ಹೋದ್ರೆ ಪೂಜೆ ಹೋದಂಗೆ" ಎಂದಳು ಸೊಸೆ. ಅಂದಿನಿಂದ ನಾನು ಕಾಡಿಸುವುದನ್ನು ಬಿಟ್ಟೆ.

ಎರಡು ವರ್ಷದ ಹಿಂದಿನ ಮಾರ್ಗಶಿರದಲ್ಲಿ ಅವರಿಗೆ ಉಸಿರು ಕಟ್ಟತೊಡಗಿತು, ಕಾಲು ಊದಿಕೊಂಡಿತು. ಹೃದಯ ಸೋತಿದೆ ಎಂದರು ಡಾಕ್ಟರು. ಆಸ್ಪತ್ರೆಗೆ ಹೊರಟಾಗ ಕಾರಿನ ಕಿಟಕಿಯಿಂದ ಕೈ ಚಾಚಿ ನನ್ನ ಮಣಿಕಟ್ಟು ಹಿಡಿದು, "ಮರಿಗಳು ನಿನ್ನ ಕೈಲಿ ಕಣೇ" ಎಂದರು. ತಮ್ಮ ಬಗ್ಗೆ ಒಂದು ಮಾತೂ ಇಲ್ಲ.

ಹತ್ತು ದಿನ ನಾನು ಆ ಹನ್ನೆರಡು ಮರಿಗಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡೆ. ಕೆಲಸಕ್ಕೆ ಹೊರಡುವ ಮುಂಚೆ ಬಿಸಿನೀರು, ಬಂದಮೇಲೆ ಬಿಸಿನೀರು. ಹಳದಿ ಎಲೆ ಕಂಡರೆ ಚಿವುಟಿ ತೆಗೆದೆ. ಹನ್ನೆರಡೂ ಉಳಿದವು. ನನಗೆ ಒಳಗೊಳಗೇ ಜಂಬವೂ ಬಂದಿತ್ತು.

ಹನ್ನೊಂದನೇ ದಿನ ಅವರು ಮನೆಗೆ ಬಂದರು. ಆಸ್ಪತ್ರೆಯಿಂದ ಬಂದವರನ್ನು ಹಾಗೇ ಒಳಗೆ ಕರೆಯುತ್ತಾರೆಯೇ? ಸೊಸೆ ಅವರ ಜೊತೆ ಕಾರಿನಲ್ಲಿದ್ದಳು, ಆರತಿ ನಾನೇ ಮಾಡಬೇಕು. ತಟ್ಟೆಯಲ್ಲಿ ನೀರು, ಅರಿಶಿನ, ಅವರ ಎಲೆಅಡಿಕೆ ಡಬ್ಬಿಯ ಸುಣ್ಣ. ಅರಿಶಿನ ಹಳೆಯದಿತ್ತೋ ಏನೋ, ಕೆಂಪು ಏರಲಿಲ್ಲ. ಪೇಲವ ಆರತಿ ಎತ್ತಿದರೆ ಅಪಶಕುನ ಎಂದು ಹೆದರಿ ಸುಣ್ಣ ಇನ್ನಷ್ಟು ಕದಡಿದೆ, ಮತ್ತಷ್ಟು ಕದಡಿದೆ. ಕೊನೆಗೆ ರಕ್ತದಂಥ ಕೆಂಪು ಬಂತು. ಹೊಸ್ತಿಲಲ್ಲಿ ದೃಷ್ಟಿ ತೆಗೆದು, ಹಣೆಗೆ ಬೊಟ್ಟಿಟ್ಟು, ಒಳಗೆ ಕರೆದೆ. ಮಗ ಅವರನ್ನು ಕೋಣೆಗೆ ನಡೆಸಿಕೊಂಡು ಹೋದ.

ಆರತಿ ನೀರನ್ನು ಯಾರೂ ತುಳಿಯದ ಹಾಗೆ ಗಿಡದ ಬುಡಕ್ಕೆ ಹಾಕಬೇಕು. ಯಾವಾಗಲೂ ಗೇಟಿನಾಚೆಯ ಹೊಂಗೆ ಮರಕ್ಕೆ ಹಾಕುತ್ತಿದ್ದೆವು. ಮೋರಿ ಕೆಲಸ ಎಂದು ಆ ಮರವನ್ನು ಹಿಂದಿನ ವಾರ ಕಡಿದುಹಾಕಿದ್ದರು. ಕಾಂಪೌಂಡಿನ ತುಂಬ ಸಿಮೆಂಟು, ಒಂದು ಹಿಡಿ ಮಣ್ಣಿಲ್ಲ. ತಟ್ಟೆ ಹಿಡಿದು ಸುತ್ತ ನೋಡಿದೆ. ಆ ಮನೆಯ ಕೆಳಗಡೆ ಗಿಡ ಅಂತ ಇದ್ದದ್ದು ಒಂದೇ ಕಡೆ. ಅವರಿಗೆ ಒಳ್ಳೆಯದಾಗಲಿ, ಗಂಗಮ್ಮ ದೃಷ್ಟಿಯನ್ನೆಲ್ಲ ನುಂಗಿಕೊಳ್ಳಲಿ ಎಂದು ಕೈಮುಗಿದು, ಬೇಸಿನ್ನಿಗೆ ಪೂರ್ತಿ ಸುರಿದೆ. ಗಿಡಗಳ ತಲೆಯ ಮೇಲೇ ಸುರಿದೆ.

ಮಾರನೇ ಬೆಳಿಗ್ಗೆ ಎರಡು ಮೀನೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಎಲೆಗಳ ಅಂಚು ಬೇಯಿಸಿದ ಸೊಪ್ಪಿನ ಹಾಗೆ ಬಾಡಿ, ಸುಳಿಯಲ್ಲಿ ಬಿಳಿ ಸುಣ್ಣ ಹೆಪ್ಪುಗಟ್ಟಿತ್ತು. ಅಯ್ಯೋ, ನನ್ನ ಕೈ ಸೇದಿಹೋಗಬಾರದೇ ಅನ್ನಿಸಿತು. ಯಾರೂ ಏಳುವ ಮುಂಚೆ ಬೇಸಿನ್ನನ್ನೇ ಎತ್ತಿಕೊಂಡು ಮೇಲೆ ಓಡಿದೆ. ಸೊಸೆಗೆ, "ಕಿಟಕಿ ಹತ್ರ ತಂಡಿ ಜಾಸ್ತಿ, ನಮ್ಮನೇಲಿ ಇಟ್ಕೊಂಡಿದೀನಿ" ಎಂದು ಸುಳ್ಳು ಹೇಳಿದೆ.

ಒಂದೊಂದು ಗಿಡವನ್ನೂ ಅಂಗೈಯಲ್ಲಿಟ್ಟು ತೊಳೆದೆ. ಹೊಸ ನೀರು, ಹೊಸ ಕೆಸರು, ಬಿಸಿ, ಬೆಳಕು, ಏನು ಮಾಡಿದರೂ ದಿನಕ್ಕೆ ಎರಡು ಮೂರು ಕರಗಿ ಲೋಳೆಯಾಗುತ್ತಿದ್ದವು. ಕೆಲಸಕ್ಕೆ ರಜೆ ಹಾಕಿದೆ. ಎಂದೂ ಹರಕೆ ಹೊರದವಳು ಹರಕೆ ಹೊತ್ತೆ. ಕೆಳಗಿನಿಂದ ಓನರಮ್ಮನ ಕೆಮ್ಮು ಕೇಳಿದಾಗಲೆಲ್ಲ ಎದ್ದು ಹೋಗಿ ಉಳಿದದ್ದನ್ನು ಎಣಿಸುತ್ತಿದ್ದೆ. ಪೂಜೆಗೆ ಉಳಿದಿದ್ದದ್ದು ಎಂಟು ದಿನ.

ಬೇಸಿಗೆಯಲ್ಲಿ ಅವರಿಂದ ಗಿಡ ಒಯ್ದವರನ್ನೆಲ್ಲ ಹುಡುಕಿಕೊಂಡು ಹೊರಟೆ. ಯಾರ ಮನೆಯಲ್ಲಾದರೂ ಆ ಕುಂಟೆಯ ಒಂದು ಮರಿ ಉಳಿದಿದ್ದೀತು ಎಂಬ ಆಸೆ. ಯಡಿಯೂರಿನ ಹೂವಿನ ಹೆಂಗಸು, "ಅದಾ? ಡಿಸೆಂಬರ್‌ನಲ್ಲೇ ಕೊಳೆತೋಯ್ತು ಕಣಕ್ಕ, ಮೆಟ್ಟಿಲ ಮೇಲೆ ಇಟ್ಟಿದ್ದೆ" ಎಂದಳು. ಬೊಮ್ಮನಹಳ್ಳಿಯಲ್ಲಿ ಅವರ ನಾದಿನಿಯ ಮನೆಯ ತೊಟ್ಟಿಯಲ್ಲಿ ಖಾಲಿ ಪಾಚಿ. ಕೊನೆಗೆ ವಿಲ್ಸನ್ ಗಾರ್ಡನ್ನಿನ ನಿವೃತ್ತ ಮೇಷ್ಟ್ರೊಬ್ಬರು. ಅವರು ತುಂಬಾ ಸಂಕೋಚದಿಂದ, "ಒಳಗಿಡಿ ಅಂದಿದ್ರಮ್ಮ, ಪಾಪ. ನಾನೇ ಇವತ್ತು ನಾಳೆ ಅಂತ ಬಿಟ್ಟುಬಿಟ್ಟೆ" ಎಂದರು. ಅವರ ಗೇಟಿನ ಮುಂದೆಯೇ ಫುಟ್‌ಪಾತಿನ ಮೇಲೆ ಕೂತು ಅತ್ತೆ. ನಾನು ಅವರನ್ನೆಲ್ಲ ಯಾವ ಮುಖ ಹೊತ್ತು ಬೈಯಲಿ? ಅವರು ಮರೆತವರು, ಸುರಿದವಳು ನಾನು.

ಬರುವ ದಾರಿಯಲ್ಲಿ ನರ್ಸರಿಯೊಂದರಲ್ಲಿ ಅಂತರಗಂಗೆ ಮಾರಲು ಇಟ್ಟಿದ್ದರು. ದಪ್ಪ ದಪ್ಪ ಆರು ಗಿಡ. ಅದೇ ಎಲೆ, ಅದೇ ನವಿರು ಕೂದಲು, ಅದೇ ಬೇರು. ದೇವರಾಣೆಗೂ ಹೇಳುತ್ತೇನೆ, ಎರಡನೇ ಯೋಚನೆ ಬರಲಿಲ್ಲ. ತಂದು ಬೇಸಿನ್ನಿಗೆ ಹಾಕಿದೆ. ಹಳೆಯದರಲ್ಲಿ ಇನ್ನೂ ಉಸಿರಿದ್ದದ್ದು ಒಂದೇ, ಉಗುರಿನಷ್ಟು ಗಾತ್ರದ್ದು. ಅದನ್ನು ಅಡುಗೆಮನೆಯಲ್ಲಿ ಮೊಸರಿನ ಬಟ್ಟಲಿಗೆ ಹಾಕಿಟ್ಟು, ಬೇಸಿನ್ ಹೊತ್ತು ಕೆಳಗಿಳಿದೆ. ಅವರು ಮೂರು ದಿನದಿಂದ "ಮರಿಗಳನ್ನ ತೋರ್ಸೇ, ತೋರ್ಸೇ" ಎಂದು ಹೇಳಿ ಕಳಿಸುತ್ತಿದ್ದರು.

ದಿಂಬಿಗೆ ಒರಗಿ ಕೂತಿದ್ದವರು ಬೇಸಿನ್ ಕಂಡದ್ದೇ ಮುಖ ಅರಳಿಸಿದರು. ಊದಿದ ಬೆರಳುಗಳಿಂದ ಒಂದೊಂದು ಎಲೆಯನ್ನೂ ಸವರಿದರು.

"ಎಷ್ಟು ಚೆನ್ನಾಗಿ ಸಾಕಿದೀಯೇ! ನನ್ನ ಕೈಲೂ ಚಳೀಲಿ ಇಷ್ಟು ದಪ್ಪ ಆಗಿರ್ಲಿಲ್ಲ. ನಮ್ಮತ್ತೆ ಇದ್ದಿದ್ರೆ ನಿನ್ನ ಹೊಟ್ಟೆ ತಣ್ಣಗಿರ್ಲಿ ಅಂತಿದ್ರು."

ಬೈದಿದ್ದರೆ ಬಾಯಿ ಮುಚ್ಚಿಕೊಂಡು ಇರುತ್ತಿದ್ದೆನೇನೋ. ಆ ಹೊಗಳಿಕೆಯನ್ನು ತಡೆದುಕೊಳ್ಳಲಾಗಲಿಲ್ಲ. ಮಂಚದ ಕಂಬಿ ಹಿಡಿದುಕೊಂಡು ಎಲ್ಲ ಹೇಳಿಬಿಟ್ಟೆ. ಆರತಿ, ಸುಣ್ಣ, ಮೀನು, ನರ್ಸರಿ, ಎಲ್ಲ.

ಅವರು ಎಲೆಯ ಮೇಲಿನ ಕೈ ತೆಗೆದರು. ಗೋಡೆಯ ಕಡೆ ಹೊರಳಿ ಮಲಗಿದರು. ಅರ್ಧ ಗಂಟೆ ನಿಂತೆ, ತಿರುಗಲಿಲ್ಲ. ಮಾರನೇ ದಿನ ಗಂಜಿ ತಗೊಂಡು ಹೋದರೆ ಸೊಸೆಯ ಕೈಯಿಂದ ಮಾತ್ರ ಕುಡಿದರು. ಹನ್ನೊಂದು ವರ್ಷದಲ್ಲಿ ಆ ಮನೆಯಲ್ಲಿ ನಾನು ಒಂಟಿ ಅನ್ನಿಸಿದ್ದು ಆ ಎರಡು ದಿನ.

ಮೂರನೇ ಸಂಜೆ ಕರೆ ಬಂತು.

"ಒಂದೂ ಉಳಿದಿಲ್ವಾ?"

"ಒಂದಿದೆಯಮ್ಮ. ಉಗುರಷ್ಟು. ಅದೂ ಇವತ್ತೋ ನಾಳೆಯೋ."

"ತಾ."

ಮೊಸರಿನ ಬಟ್ಟಲನ್ನು ಅವರ ಮಡಿಲಿಗೆ ಇಟ್ಟೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು, "ಕುಂಟೆ ಯಾರು ಮುಚ್ಚಿದ್ದು ಅಂತ ಯಾವತ್ತಾದ್ರೂ ಕೇಳಿದೀಯಾ ನನ್ನ?"

"ಇಲ್ಲ. ಯಾರೋ ಬಿಲ್ಡರ್ ಇರ್ಬೇಕು ಅಂದ್ಕೊಂಡಿದ್ದೆ."

"ನಾವೇ ಕಣೇ. ನಮ್ಮೆಜಮಾನ್ರು, ನಾನು. ಲೇಔಟ್ ಮಾಡುವಾಗ ಕುಂಟೆ ಅಡ್ಡ ಬಂತು. ಅವ್ರು ಹಿಂದೆ ಮುಂದೆ ನೋಡ್ತಿದ್ರು, ನಾನೇ ಮುಚ್ಸಿಬಿಡಿ ಅಂದೆ. ಹೊಸ ಮನೆ ಆಸೆ ನಂಗೆ. ಮೂರು ದಿನ ಟ್ರಾಕ್ಟರಲ್ಲಿ ಮಣ್ಣು ಹೊಡೆದ್ರು. ನಮ್ಮತ್ತೆ ದಂಡೆ ಮೇಲೆ ಕೂತಿದ್ದೋರು ಸೀರೆ ಎತ್ತಿಕಟ್ಕೊಂಡು ಕೆಸರಿಗೆ ಇಳಿದ್ರು. ಸೆರಗಲ್ಲಿ ನಾಲ್ಕು ಗಿಡ ತುಂಬ್ಕೊಂಡು ಬಂದು ನನ್ನ ಮಡಿಲಿಗೆ ಸುರಿದ್ರು. ಬೈಲಿಲ್ಲ. 'ಸಾಯ್ಸಿದೋಳು ನೀನು, ನೀನೇ ನೋಡ್ಕೊ' ಅಂದ್ರು. ಅವ್ರು ಹೋಗೋವರೆಗೂ ನನ್ನ ಹತ್ರ ಕುಂಟೆ ಮಾತು ಎತ್ಲಿಲ್ಲ. ಮನ್ನಿಸಿದೀನಿ ಅಂತಾನೂ ಹೇಳ್ಲಿಲ್ಲ."

ಉಸಿರಿಗೆ ಸ್ವಲ್ಪ ನಿಂತರು. ನಾನು ನೀರು ಕೊಡಲು ಹೋದರೆ ಬೇಡವೆಂದು ಕೈ ಆಡಿಸಿದರು.

"ಸೊಸೆ ಒಳ್ಳೇವ್ಳು, ನೋಡ್ಕೋತಾಳೆ. ಆದ್ರೆ ಒಂದಿನ ಮರೀತಾಳೆ. ನೀನು ಮರೆಯಲ್ಲ. ಮರೆಯಕ್ಕಾಗಲ್ಲ ನಿಂಗೆ. ತಗೊಂಡೋಗು."

"ನನ್ನ ಕೈಲಿ ಆಗಲ್ಲಮ್ಮ, ನಿಮ್ಮ ಕಾಲಿಗೆ ಬೀಳ್ತೀನಿ. ಇದೂ ಸತ್ತೋದ್ರೆ?"

"ಹೆದ್ರಿಕೆ ಇರ್ಲಿ. ಹೆದ್ರಿಕೆ ಇದ್ರೇನೇ ಉಳಿಯೋದು."

ನರ್ಸರಿಯ ಆರು ಗಿಡಗಳನ್ನು ಅವರು ಎಸೆಯಲು ಬಿಡಲಿಲ್ಲ, ತಾರಸಿಗೂ ಕಳಿಸಲಿಲ್ಲ. "ಅವೇನು ಪಾಪ ಮಾಡಿದ್ವು, ಬೇರೆ ಬೇಸಿನ್‌ನಲ್ಲಿ ಒಳಗಿಡು" ಎಂದರು. ಮಂಗಳವಾರ ಕೊಳಗದ ಅಷ್ಟು ನೀರಿನ ಮೇಲೆ ಆ ಉಗುರಿನಷ್ಟು ಗಿಡ ಒಂದೇ ತೇಲಿತು. ಸೊಸೆ ತಂಬಿಟ್ಟಿನ ದೀಪ ಬೆಳಗಿದಳು. ಅವರನ್ನು ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಬಂದಿದ್ದರು. ಕೈಮುಗಿದವರು ಗಿಡವನ್ನು ನೋಡಲಿಲ್ಲ, ಪೂಜೆ ಮುಗಿಯುವತನಕ ನನ್ನನ್ನೇ ನೋಡುತ್ತಿದ್ದರು. ಶಿವರಾತ್ರಿಗೆ ಐದು ದಿನ ಇರುವಾಗ, ಒಂದು ಮಧ್ಯಾಹ್ನ, ಊಟ ಬೇಡವೆಂದು ಮಲಗಿದವರು ಏಳಲಿಲ್ಲ.

ಆ ಬೇಸಿಗೆ ಉಗುರಿನಷ್ಟಿದ್ದದ್ದು ತೊಟ್ಟಿ ತುಂಬಿತು. ಕಳೆದ ಚಳಿಗಾಲವನ್ನು ಒಂಬತ್ತು ಮರಿ ದಾಟಿದವು. ಕಂಡವರೆಲ್ಲ ಓನರಮ್ಮ ದೊಡ್ಡ ಮನಸ್ಸಿನವರು, ನಿನ್ನನ್ನು ಕ್ಷಮಿಸಿದರು ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಕ್ಷಮಿಸಿದ್ದರೆ ಎರಡು ದಿನ ಅತ್ತು ನಾನು ಹಗುರವಾಗಿಬಿಡುತ್ತಿದ್ದೆ. ಅವರು ಕ್ಷಮಿಸದೆ ಕೆಲಸ ಕೊಟ್ಟು ಹೋದರು. ಜಗತ್ತಿನಲ್ಲಿ ಯಾರೂ ನನ್ನನ್ನು ನಂಬಿ ಒಂದು ಚಾವಿ ಕೊಡದಿದ್ದ ಕಾಲದಲ್ಲಿ ಮನೆ ಕೊಟ್ಟವರು ಅವರು. ನಾನು ಆ ನಂಬಿಕೆ ಕೆಡಿಸಿಕೊಂಡ ಮೇಲೂ ಇನ್ನೊಂದು ಸಲ ನಂಬಿದವರೂ ಅವರೇ. ಆ ಭಾರ ಎಷ್ಟೆಂದು ಹೊತ್ತವರಿಗೇ ಗೊತ್ತು.

ಈ ವರ್ಷದ ಚಳಿ ಕೆಟ್ಟದಾಗಿದೆ, ಹತ್ತು ಗಂಟೆಯಾದರೂ ಬಿಸಿಲಿಲ್ಲ. ಒಳಗೆ ತಂದ ಹತ್ತರಲ್ಲಿ ಉಳಿದಿರುವುದು ಮೂರು. ಸೊಸೆ ದಿನಾ ಮೆಟ್ಟಿಲ ಕೆಳಗಿನಿಂದ "ಹೆಂಗಿದೆ ಅಕ್ಕಾ?" ಎಂದು ಕೂಗುತ್ತಾಳೆ, ನಾನು "ಇದೆ" ಎನ್ನುತ್ತೇನೆ. ನಿನ್ನೆಯಿಂದ ಮೂರರಲ್ಲಿ ಒಂದರ ಸುಳಿ ಮೆತ್ತಗಾಗಿದೆ. ಕಿತ್ತು ಎಸೆದು ಉಳಿದೆರಡನ್ನು ಕಾಪಾಡಬೇಕೋ, ಇನ್ನೊಂದು ದಿನ ಕಾಯಬೇಕೋ ತಿಳಿಯುತ್ತಿಲ್ಲ. ಬೆಳಿಗ್ಗೆ ಕೇಳಿಕೊಂಡು ಬರೋಣವೆಂದು ಅರ್ಧ ಮೆಟ್ಟಿಲು ಇಳಿದಿದ್ದೆ. ಕೆಳಗೆ ಅವರಿಲ್ಲ ಎನ್ನುವುದು ಆಮೇಲೆ ನೆನಪಾಯಿತು.